ಅನಿಲ ಒಳಗೆ, ತೈಲ ಹೊರಗೆ

ತೈಲಬಾವಿ ಎಂದೊಡನೆ ನೆಲದಡಿಯಲ್ಲಿ ಎಣ್ಣೆ ತುಂಬಿ ನಿಂತ ದೊಡ್ಡ ಕೆರೆಯೊಂದನ್ನು ನಾವು ಊಹಿಸಿಕೊಳ್ಳುತ್ತೇವೆ. ನಿಜದಲ್ಲಿ ಅಲ್ಲಿ ಕೆರೆಯೂ ಇಲ್ಲ, ಹೊಂಡವೂ ಇಲ್ಲ. ಒದ್ದೆ ಇಟ್ಟಿಗೆಯೊಳಗೆ ನೀರು ಅಡಗಿರುವಂತೆ ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ಅಡಗಿರುತ್ತದೆ. ಬಾವಿ ಕೊರೆದಾಗ ಒಳಗಿನ ಒತ್ತಡದಿಂದ ಸ್ವಲ್ಪ ಎಣ್ಣೆ ತಾನಾಗಿಯೇ ಮೇಲೇರುತ್ತದೆ. ಒತ್ತಡ ಕುಗ್ಗಿದ ಮೇಲೆ ಪಕ್ಕದ ಬಾವಿಗಳಿಂದ ನೀರು ನುಗ್ಗಿಸಿ ಇನ್ನಷ್ಟನ್ನು ತಳ್ಳುತ್ತಾರೆ. ಇಷ್ಟಾದರೂ ಅನೇಕ ಕ್ಷೇತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ ಕಲ್ಲಿನಲ್ಲೇ ಉಳಿದುಬಿಡುತ್ತದೆ.

ಜಿಡ್ಡು ಹಿಡಿದ ಬಾಣಲೆಯನ್ನು ನೆನಪಿಸಿಕೊಳ್ಳಿ. ಬರೀ ನೀರು ಸುರಿದರೆ ಜಿಡ್ಡು ಬಿಡುವುದಿಲ್ಲ. ಜಿಡ್ಡಿನೊಡನೆ ಬೆರೆಯುವ ವಸ್ತು ಬೇಕು. ತೈಲಕ್ಷೇತ್ರದಲ್ಲಿ ಆ ಕೆಲಸವನ್ನು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಉಷ್ಣತೆ 31 ಡಿಗ್ರಿ ಸೆಲ್ಸಿಯಸ್ ಮೀರಿ, ಒತ್ತಡ ವಾಯುಮಂಡಲದ ಒತ್ತಡದ 73 ಪಟ್ಟು ದಾಟಿದಾಗ ಈ ಅನಿಲ ದ್ರವದಂತೆ ಸಾಂದ್ರವಾದರೂ ಅನಿಲದಂತೆ ಸಲೀಸಾಗಿ ಸಂದುಗಳಲ್ಲಿ ನುಸುಳುತ್ತದೆ. ಎಣ್ಣೆಯಲ್ಲಿ ಕರಗಿ ಅದನ್ನು ಉಬ್ಬಿಸುತ್ತದೆ, ತೆಳುವಾಗಿಸುತ್ತದೆ. ತೆಳುವಾದ ಎಣ್ಣೆ ಬಾವಿಯತ್ತ ಹರಿಯುತ್ತದೆ. ಅದರೊಡನೆ ಮೇಲೆ ಬಂದ ಅನಿಲವನ್ನು ಬೇರ್ಪಡಿಸಿ ಮತ್ತೆ ಒಳಗೆ ಕಳಿಸುತ್ತಾರೆ. ಪ್ರತಿ ಸುತ್ತಿನಲ್ಲೂ ಅದರ ಒಂದು ಪಾಲು ಕಲ್ಲಿನೊಳಗೇ ಉಳಿಯುತ್ತದೆ.

1972ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾಕ್‌ರಾಕ್ ಕ್ಷೇತ್ರದಲ್ಲಿ ಈ ವಿಧಾನ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂತು. ಅಂದಿನ ಉದ್ದೇಶ ಎಣ್ಣೆಯೊಂದೇ. 1980ರ ದಶಕದಲ್ಲಿ ಕೊಲರಾಡೋದ ಮೆಕೆಲ್ಮೊ ಡೋಮ್‌ನಿಂದ ಟೆಕ್ಸಾಸ್ ಕಡೆಗೆ ಸುಮಾರು 800 ಕಿ.ಮೀ. ಉದ್ದದ ಕೊಳವೆಮಾರ್ಗವನ್ನೇ ಹಾಕಿದರು. ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಆ ಅನಿಲ ಯಾವ ಕಾರ್ಖಾನೆಯ ಚಿಮಣಿಯದೂ ಅಲ್ಲ. ಯುಗಯುಗಗಳಿಂದ ನೆಲದೊಳಗೆ ತಣ್ಣಗೆ ಇದ್ದದ್ದು. ಒಂದು ಕಡೆಯ ನೆಲದಿಂದ ತೆಗೆದು ಇನ್ನೊಂದು ಕಡೆಯ ನೆಲಕ್ಕೆ ತುಂಬಿದರೆ ವಾತಾವರಣಕ್ಕೆ ಬಂದ ಲಾಭವೇನು?

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿರುವ ವೇಬರ್ನ್ ಕ್ಷೇತ್ರದ ಕಥೆ ಬೇರೆ. 1954ರಲ್ಲಿ ಪತ್ತೆಯಾದ ಈ ಕ್ಷೇತ್ರಕ್ಕೆ 2000ದಲ್ಲಿ ಅಮೆರಿಕದ ನಾರ್ತ್ ಡಕೋಟದಿಂದ ಅನಿಲ ಬರತೊಡಗಿತು. ಅಲ್ಲಿ ಕಲ್ಲಿದ್ದಲಿನಿಂದ ಇಂಧನ ಅನಿಲ ತಯಾರಿಸುವ ಕಾರ್ಖಾನೆಯ ಇಂಗಾಲದ ಡೈಆಕ್ಸೈಡ್ ಸುಮಾರು 330 ಕಿ.ಮೀ. ಕೊಳವೆಯಲ್ಲಿ ಗಡಿ ದಾಟಿತು. ಗಾಳಿ ಸೇರಬೇಕಾದದ್ದು ನೆಲ ಸೇರಿತು. ಅದು ಸೋರುವುದೋ ಎಂದು ತಿಳಿಯಲು ಹಲವು ದೇಶಗಳ ವಿಜ್ಞಾನಿಗಳು 2012ರವರೆಗೆ ನೆಲದೊಳಗೆ ತರಂಗಗಳನ್ನು ಹಾಯಿಸಿ, ಮಣ್ಣಿನೊಳಗಿನ ಗಾಳಿಯನ್ನು ಪರೀಕ್ಷಿಸಿ ನಿಗಾ ಇಟ್ಟರು.

ಹಾಗಾದರೆ ಭೂಮಿಯ ತಾಪ ಏರುವುದಕ್ಕೆ ಇದೇ ಮದ್ದೆ? ಲೆಕ್ಕ ಹಾಕಿ ನೋಡೋಣ. ಒಂದು ಬ್ಯಾರೆಲ್, ಅಂದರೆ 159 ಲೀಟರ್ ಕಚ್ಚಾ ತೈಲ ಉರಿದರೆ ಸುಮಾರು 430 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಷ್ಟು ತೈಲ ತೆಗೆಯಲು ಸಾಮಾನ್ಯವಾಗಿ ಒಳಗೆ ಕಳಿಸುವ ಅನಿಲ 300ರಿಂದ 600 ಕೆ.ಜಿ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಹೆಚ್ಚುಕಡಿಮೆ ಹಿಂದಕ್ಕೆ ಪಡೆದಂತಾಯಿತು. ಇನ್ನೊಂದು ತೊಡಕೂ ಉಂಟು. ಅನಿಲವನ್ನು ದುಡ್ಡು ಕೊಟ್ಟು ಕೊಳ್ಳುವ ಕಂಪನಿಗೆ ಕಡಿಮೆ ಅನಿಲದಲ್ಲಿ ಹೆಚ್ಚು ಎಣ್ಣೆ ಬೇಕು. ವಾತಾವರಣಕ್ಕೋ, ಹೆಚ್ಚು ಅನಿಲ ನೆಲ ಸೇರಿ ಎಣ್ಣೆ ಕಡಿಮೆ ಉರಿಯಬೇಕು. ಇಬ್ಬರ ಹಿತವೂ ಒಂದೇ ದಾರಿಯಲ್ಲಿಲ್ಲ.

ಈ ವಿಷಯ ನಮ್ಮ ದೇಶಕ್ಕೆ ದೂರದ್ದೇನಲ್ಲ. ಗುಜರಾತಿನ ಕೊಯಲಿ ತೈಲ ಸಂಸ್ಕರಣಾಗಾರದ ಅನಿಲವನ್ನು ಗಂಧಾರ್ ತೈಲಕ್ಷೇತ್ರಕ್ಕೆ ಸೇರಿಸುವ ಯೋಜನೆಗಾಗಿ ಓ.ಎನ್.ಜಿ.ಸಿ. ಮತ್ತು ಇಂಡಿಯನ್ ಆಯಿಲ್ 2019ರಲ್ಲಿ ಒಪ್ಪಂದ ಮಾಡಿಕೊಂಡವು. ಇಂಥ ಸುದ್ದಿ ಕಣ್ಣಿಗೆ ಬಿದ್ದಾಗ ನೀವು ಮೂರು ಪ್ರಶ್ನೆ ಕೇಳಬೇಕು. ಅನಿಲ ಬಂದದ್ದು ಎಲ್ಲಿಂದ? ಅದರಲ್ಲಿ ನೆಲದಲ್ಲಿ ಉಳಿದದ್ದೆಷ್ಟು? ಎಣ್ಣೆ ಮುಗಿದು ಬಾವಿ ಮುಚ್ಚಿದ ಮೇಲೆ ಅದನ್ನು ಕಾಯುವವರು ಯಾರು? ಉತ್ತರ ಸಿಕ್ಕ ಮೇಲೆ ಅದನ್ನು ಉಳಿತಾಯದ ಖಾತೆಗೆ ಬರೆದುಕೊಳ್ಳಿ. ಅಲ್ಲಿಯವರೆಗೆ ಅದು ತೈಲದ ವ್ಯಾಪಾರ ಮಾತ್ರ.