ಯಾರೂ ವಿಚಾರಿಸದ ಎರಡನೇ ವರ್ಷ

(ವಿಶ್ವೇಶ್ವರಪುರಂನಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಹೆತ್ತವರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಗನಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿದ ದಿನ ನಾವು ಸಿಹಿ ಹಂಚುತ್ತೇವೆ. ಅಂತಿಮ ವರ್ಷದ ಫಲಿತಾಂಶ ಬಂದ ದಿನ ಬಂಧುಗಳಿಗೆಲ್ಲ ಫೋನು ಮಾಡುತ್ತೇವೆ. ಇವೆರಡರ ನಡುವೆ ಒಂದು ವರ್ಷವಿದೆ. ಆ ವರ್ಷ ಮಗ ಏನನ್ನು ಓದುತ್ತಿದ್ದಾನೆ, ಮಗಳಿಗೆ ಯಾವ ವಿಷಯ ಕಠಿಣವಾಗಿದೆ ಎಂದು ವಿಚಾರಿಸುವವರು ಯಾರು? ಶುಲ್ಕ ಕಟ್ಟಿದ್ದೇವೆ, ಬಸ್ ಪಾಸ್ ಮಾಡಿಸಿದ್ದೇವೆ, ಇನ್ನು ಅವರುಂಟು, ಅವರ ಓದುಂಟು ಎಂಬುದೇ ನಮ್ಮ ಧೋರಣೆ.

ನಮ್ಮ ಮಕ್ಕಳು ಸದ್ದಿಲ್ಲದೆ ಕಾಲೇಜಿನಿಂದ ಕಳಚಿಕೊಳ್ಳುವುದನ್ನು ನಾವು ಹೆಚ್ಚಾಗಿ ಕಂಡಿರುವುದು ಈ ವರ್ಷದಲ್ಲೇ. ಮೊದಲ ವರ್ಷದ ಎರಡು ಪತ್ರಿಕೆಗಳು ಬಾಕಿ ಉಳಿದಿರುತ್ತವೆ. ಹುಡುಗ ಅದನ್ನು ಮನೆಯಲ್ಲಿ ಹೇಳುವುದಿಲ್ಲ. ಮಧ್ಯಾಹ್ನದ ಬಳಿಕ ಚಿಕ್ಕಪ್ಪನ ಅಂಗಡಿಯಲ್ಲಿ ಕೂರತೊಡಗುತ್ತಾನೆ. ಹಾಜರಾತಿ ಶೇ. 75ಕ್ಕಿಂತ ಕೆಳಗಿಳಿಯುತ್ತದೆ, ಪ್ರವೇಶ ಪತ್ರ ಕೈಗೆ ಬರುವುದಿಲ್ಲ. ಹುಡುಗಿಯ ವಿಷಯದಲ್ಲಾದರೋ, ಒಳ್ಳೆಯ ಸಂಬಂಧ ಬಂದಿದೆ, ಉಳಿದದ್ದನ್ನು ಮದುವೆಯ ನಂತರ ಮುಗಿಸಲಿ ಎನ್ನುತ್ತೇವೆ. ಹಾಗೆ ಮುಗಿಸಿದವರನ್ನು ಬೆರಳಲ್ಲಿ ಎಣಿಸಬಹುದು.

2006ರ ನವೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿಯನ್ನು ನಮ್ಮ ವೇದಿಕೆಗಳಲ್ಲಿ ಉಲ್ಲೇಖಿಸದವರಿಲ್ಲ. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬರು ಮಾತ್ರ ಮುಸ್ಲಿಮರು, ಸ್ನಾತಕೋತ್ತರ ಹಂತದಲ್ಲಿ 50ರಲ್ಲಿ ಒಬ್ಬರು ಎಂದು ಆ ವರದಿ ಹೇಳಿತ್ತು. ಮೊದಲ ಸಂಖ್ಯೆಯನ್ನು ಹಿಡಿದು ನಾವು ಸರಕಾರವನ್ನು ಪ್ರಶ್ನಿಸಿದೆವು. ಪ್ರಶ್ನಿಸಲೇಬೇಕಿತ್ತು. ಆದರೆ ಇಪ್ಪತ್ತೈದು ಐವತ್ತಾದದ್ದು ಹೇಗೆ? ಪದವಿಯ ಬಾಗಿಲು ದಾಟಿದವರೂ ಮುಂದಿನ ಬಾಗಿಲಿಗೆ ಬರುವಷ್ಟರಲ್ಲಿ ಅರ್ಧಕ್ಕಿಳಿದರು ಎಂದಲ್ಲವೇ ಇದರರ್ಥ?

ಆಳುವವರ ಪಾಲೂ ಇದರಲ್ಲಿದೆ. ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು. ಎರಡು ವರ್ಷ ಓದಿ ಡಿಪ್ಲೊಮಾ ಪಡೆದು ಹೊರಹೋಗಬಹುದು ಎಂಬ ಸೌಲಭ್ಯವೂ ಅದರಲ್ಲಿತ್ತು. ನಡುವೆ ಓದು ಬಿಡುವುದಕ್ಕೆ ಒಂದು ಗೌರವದ ಹೆಸರು ದೊರೆಯಿತೆಂದೇ ನಮ್ಮ ಅಭಿಪ್ರಾಯ. 2024-25ರಲ್ಲಿ ಸೇರಿದವರಿಗೆ ಮೂರು ವರ್ಷದ ಪದವಿ ಮರಳಿತು. ಮೂರೇ ವರ್ಷಗಳ ಅಂತರದಲ್ಲಿ ಎರಡು ಪಠ್ಯಕ್ರಮ! ಅಣ್ಣನ ಪುಸ್ತಕ ತಮ್ಮನಿಗೆ ಉಪಯೋಗಕ್ಕಿಲ್ಲ, ಅಕ್ಕನ ಸಲಹೆ ತಂಗಿಗೆ ಹೊಂದುವುದಿಲ್ಲ. ಇಂತಹ ಸಂದರ್ಭದಲ್ಲಿ ಕೇಳಬೇಕಾದದ್ದು ನೆರೆಮನೆಯವರನ್ನಲ್ಲ, ಕಾಲೇಜನ್ನು.

ಕಾಲೇಜಿನಲ್ಲಿ ಯಾರನ್ನು ಕೇಳುವುದು? ಹಲವು ಕಾಲೇಜುಗಳಲ್ಲಿ ಇಂತಿಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರೆಂದು ಮಾರ್ಗದರ್ಶಕರನ್ನು ನೇಮಿಸಿರುತ್ತಾರೆ. ನ್ಯಾಕ್ ಮೌಲ್ಯಮಾಪನದಲ್ಲಿ ಅದನ್ನೂ ಪರಿಗಣಿಸಲಾಗುತ್ತಿತ್ತು. ನಿಮ್ಮ ಮಾರ್ಗದರ್ಶಕರ ಹೆಸರು ನಿಮಗೆ ಗೊತ್ತೇ? ಈ ಪ್ರಶ್ನೆಗೆ ಎದುರಿನ ಸಾಲಿನಲ್ಲಿ ಎಷ್ಟು ಕೈಗಳು ಎದ್ದವು ಎಂಬುದನ್ನು ನಾವು ಹೇಳಹೋಗುವುದಿಲ್ಲ. ಬಾಕಿ ಪತ್ರಿಕೆಗಳನ್ನು ಯಾವ ಸೆಮಿಸ್ಟರಿನಲ್ಲಿ ಬರೆಯಬೇಕು, ಐದನೇ ಸೆಮಿಸ್ಟರಿನಲ್ಲಿ ವಿಷಯ ಆರಿಸುವ ಅವಕಾಶವಿದ್ದರೆ ಯಾವುದನ್ನು ಆರಿಸಬೇಕು ಎಂಬುದನ್ನು ಅವರೊಡನೆ ಕುಳಿತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಗ್ರಂಥಪಾಲಕರನ್ನೂ ಭೇಟಿಯಾಗಿ. ಹಳೆಯ ಪ್ರಶ್ನೆಪತ್ರಿಕೆಗಳು ಸಾಮಾನ್ಯವಾಗಿ ಅವರಲ್ಲಿರುತ್ತವೆ. ಕಾಲೇಜು ಎನ್-ಲಿಸ್ಟ್ ಯೋಜನೆಯ ಸದಸ್ಯನಾಗಿದ್ದರೆ ಸಾವಿರಾರು ಪುಸ್ತಕ, ನಿಯತಕಾಲಿಕಗಳನ್ನು ಮೊಬೈಲಿನಲ್ಲೇ ಓದುವ ಪಾಸ್‌ವರ್ಡ್ ಕೂಡ ಸಿಗುತ್ತದೆ. ಕೇಳಿದವರಿಗೆ ಮಾತ್ರ.

ಇನ್ನು ಈ ಪ್ರದೇಶದ ಭಾಗ್ಯವನ್ನು ನೋಡಿ. ಇಲ್ಲೇ ವಿಶ್ವೇಶ್ವರಪುರ ವಿಜ್ಞಾನ ಕಾಲೇಜಿದೆ, ಕಾನೂನು ಕಾಲೇಜಿದೆ, 1979ರಲ್ಲಿ ಆರಂಭವಾದ ಬೆಂಗಳೂರು ತಾಂತ್ರಿಕ ವಿದ್ಯಾಲಯವಿದೆ. ಸಜ್ಜನರಾವ್ ವೃತ್ತದ ತಿಂಡಿ ಬೀದಿಗೆ ನಮ್ಮ ಮಕ್ಕಳು ಕಣ್ಣುಮುಚ್ಚಿಕೊಂಡು ಹೋಗಿಬರಬಲ್ಲರು. ಅಲ್ಲಿಂದ ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಗೆ ಎಷ್ಟು ದೂರ? ಅಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ 1945ರಲ್ಲಿ ಸ್ಥಾಪನೆಯಾದದ್ದು, ಅದಕ್ಕೆ ಸಮೃದ್ಧ ಗ್ರಂಥಾಲಯವಿದೆ. ಅದೇ ವರ್ಷ ಡಿ.ವಿ. ಗುಂಡಪ್ಪನವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಎನ್.ಆರ್. ಕಾಲನಿಯಲ್ಲಿದೆ. ಎರಡು ಕೋಣೆಗಳ ಮನೆಯಲ್ಲಿ ಎಂಟು ಮಂದಿ ಇರುವಾಗ ಮಗಳು ಎಲ್ಲಿ ಕುಳಿತು ಓದಬೇಕು ಎಂದು ಕೇಳುವ ತಾಯಂದಿರಿಗೆ ನಮ್ಮ ಉತ್ತರವಿದು: ಗ್ರಂಥಾಲಯಕ್ಕೆ ಕಳುಹಿಸಿ. ಮೊದಲ ದಿನ ನೀವೂ ಜೊತೆಗೆ ಹೋಗಿ ಸ್ಥಳ ನೋಡಿ ಬನ್ನಿ.

ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರನ್ನು ಇಲ್ಲಿ ನೆನೆಯಬೇಕು. ಗೌರಿಬಿದನೂರು ಬಳಿಯ ಹೊಸೂರಿನ ಬಡ ಕುಟುಂಬದವರು. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ 1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಸೆರೆಮನೆ ಸೇರಿದರು. ಓದು ನಿಂತಿತು. ಹೊರಬಂದ ಮೇಲೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಎರಡು ಪತ್ರಿಕೆ ಬಾಕಿಯೆಂದು ಅಂಗಡಿ ಸೇರುವ ಹುಡುಗನಿಗೆ ಈ ಕತೆಯನ್ನು ಹೇಳುವವರು ಬೇಕು.

ಎಂ.ಎಸ್ಸಿ. ಆಕಾಂಕ್ಷಿಗಳಿಗೆ ಒಂದು ಲೆಕ್ಕ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿಗಳ ಪ್ರವೇಶಕ್ಕೆ ಜಾಮ್ ಎಂಬ ಪರೀಕ್ಷೆಯಿದೆ. ಅದು ನಡೆಯುವುದು ಸಾಮಾನ್ಯವಾಗಿ ಫೆಬ್ರವರಿಯಲ್ಲಿ, ಅರ್ಜಿಯ ಅವಧಿ ಅದಕ್ಕೂ ನಾಲ್ಕೈದು ತಿಂಗಳು ಮೊದಲೇ ಆರಂಭವಾಗುತ್ತದೆ. ಅಂದರೆ ಮೂರನೇ ವರ್ಷ ಶುರುವಾಗಿ ಉಸಿರಾಡುವಷ್ಟರಲ್ಲಿ ಅರ್ಜಿ ಹಾಕಿರಬೇಕು. ಸಿದ್ಧತೆಗೆ ಉಳಿಯುವುದು ನಾಲ್ಕನೇ ಸೆಮಿಸ್ಟರ್ ಮತ್ತು ಅದರ ನಂತರದ ರಜೆ.

ವಿದ್ಯಾರ್ಥಿವೇತನದ ಮಾತು ಕಹಿಯಾದುದು. ಸಂಶೋಧನೆಗೆ ಆಸರೆಯಾಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಅದರ ವಿರುದ್ಧ ದನಿಯೆತ್ತುವುದು ನ್ಯಾಯವೇ. ಜೊತೆಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿವರ್ಷ ಅರ್ಜಿ ಹಾಕಬೇಕೆಂಬುದೂ ನೆನಪಿರಲಿ. ಮೊದಲ ವರ್ಷ ಹಾಕಿ ಎರಡನೇ ವರ್ಷ ಮರೆತ ಕುಟುಂಬಗಳು ಈ ಸಭೆಯಲ್ಲೇ ಇವೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲದಿದ್ದರೆ ಮಂಜೂರಾದ ಹಣವೂ ಬಂದು ಸೇರದು. ಆದಾಯ ಪ್ರಮಾಣಪತ್ರ, ಕಳೆದ ವರ್ಷದ ಅಂಕಪಟ್ಟಿ, ಪಾಸ್‌ಬುಕ್ ತಂದವರು ಹೊರಡುವ ಮೊದಲು ಬಾಗಿಲ ಬಳಿಯ ಮೇಜಿಗೆ ಬನ್ನಿ. ತರದಿದ್ದವರು ಮಾರ್ಗದರ್ಶಕರ ಹೆಸರನ್ನು ಕೇಳಿಕೊಂಡು, ಮುಂದಿನ ಭಾನುವಾರ ಎಲ್ಲವನ್ನೂ ಹಿಡಿದುಕೊಂಡು ಬರಬಹುದು. ಅಂದೂ ನಾವು ಇಲ್ಲೇ ಇರುತ್ತೇವೆ.