ಕೈಗೆ ಒಗ್ಗಿದ ಕೀಲಿಮಣೆ

(ನಿಗಡಿಯ ಕನ್ನಡ ಬಂಧುಗಳ ರಾಜ್ಯೋತ್ಸವದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಗಣಕಯಂತ್ರದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣವನ್ನು ಬಿನ್ನವಿಸುತ್ತೇನೆ. ಕೈ ನಡುಗುವುದರಿಂದ ಲೇಖನಿ ಹಿಡಿದು ಬರೆಯುವುದು ಈಗ ನನ್ನಿಂದಾಗದು. ಹೋದ ವರ್ಷ ಊರಿನಲ್ಲಿರುವ ಅಣ್ಣನಿಗೆ ಪತ್ರ ಬರೆಯೋಣವೆಂದು ಹೊಸ ಗಣಕದ ಮುಂದೆ ಕುಳಿತೆ. ಬಹುಕಾಲದ ರೂಢಿಯಂತೆ ‘ಕನ್ನಡ’ ಎಂಬ ಪದಕ್ಕೆ ಐದು ಕೀಲಿಗಳನ್ನು ಒತ್ತಿದೆ: ಕೆ, ಎನ್, ಎಫ್, ಎನ್, ಡಬ್ಲ್ಯೂ. ತೆರೆಯ ಮೇಲೆ ಮೂಡಿದ್ದು ‘ಕಲಿಲೈ’! ಮೊಮ್ಮಗಳು ನಕ್ಕಳು, ನಾನೂ ನಕ್ಕೆ. ಆದರೆ ಎರಡು ದಿನ ಹೆಣಗಿ ಬೇಸತ್ತು, ಕೊನೆಗೆ ಇಂಗ್ಲಿಷಿನಲ್ಲಿಯೇ ಬರೆದು ಕಳುಹಿಸಿದೆ. ಅಣ್ಣ ಉತ್ತರದಲ್ಲಿ ಒಂದೇ ಮಾತು ಕೇಳಿದ್ದ: “ಏನಪ್ಪಾ, ಕನ್ನಡ ಮರೆತೆಯಾ?” ಆ ಮಾತು ನಾಟಿತು. ನಾನು ಕನ್ನಡವನ್ನು ಮರೆತಿರಲಿಲ್ಲ. ನನ್ನ ಕೈಗೂ ಯಂತ್ರಕ್ಕೂ ಹೊಂದಿಕೆ ತಪ್ಪಿತ್ತು.

ಗಣಕದಲ್ಲಿ ಕನ್ನಡ ಬರೆಯಲು ಎರಡು ಮುಖ್ಯ ಏರ್ಪಾಡುಗಳಿವೆ. ಒಂದು ಇನ್‌ಸ್ಕ್ರಿಪ್ಟ್. 1980ರ ದಶಕದಲ್ಲಿ ಕೇಂದ್ರ ಸರ್ಕಾರ ಭಾರತದ ಲಿಪಿಗಳಿಗೆ ಸಮಾನ ಮಾದರಿಯಾಗಿ ತಂದದ್ದು ಇದು. 1988ರಲ್ಲಿ ನಮ್ಮ ಪುಣೆಯಲ್ಲಿಯೇ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆ ಇದರ ಬಳಕೆಗೆ ಬಹಳ ದುಡಿಯಿತು. ಇನ್ನೊಂದು, ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾಯರ ವಿನ್ಯಾಸ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಅದು ‘ಕಗಪ’ ಎಂದು ಮನೆಮಾತಾಯಿತು. ಅಲ್ಲಿ ‘ಕ’ಕ್ಕೆ ಕೆ, ‘ನ’ಕ್ಕೆ ಎನ್, ಒತ್ತಕ್ಷರಕ್ಕೆ ನಡುವೆ ಎಫ್, ‘ಡ’ಕ್ಕೆ ಡಬ್ಲ್ಯೂ. ಇನ್‌ಸ್ಕ್ರಿಪ್ಟಿನಲ್ಲಾದರೋ ಎನ್ ಎಂದರೆ ‘ಲ’, ಎಫ್ ಎಂದರೆ ಗುಡಿಸು, ಡಬ್ಲ್ಯೂ ಎಂದರೆ ಐತ್ವ. ಗಣಕದೊಡನೆ ಬಂದದ್ದು ಇನ್‌ಸ್ಕ್ರಿಪ್ಟ್. ನನ್ನ ಬೆರಳಿಗೆ ಹತ್ತಿದ್ದು ಕಗಪ.

ನಮ್ಮಲ್ಲಿ ಅನೇಕರು ಪಿಂಪ್ರಿ, ಚಿಂಚವಡ, ಆಕುರ್ಡಿಗಳ ಕಾರ್ಖಾನೆಗಳಲ್ಲಿ ದುಡಿದವರು. ಹೊಸ ಲೇತ್ ಬಂದಾಗ ಏನು ಮಾಡುತ್ತಿದ್ದೆವು? ಎತ್ತರ ಸಾಲದಿದ್ದರೆ ಕಾಲಡಿಗೆ ಹಲಗೆ ಹಾಕಿಕೊಳ್ಳುತ್ತಿದ್ದೆವು. ಉಳಿಯನ್ನು ಕೆಲಸಕ್ಕೆ ತಕ್ಕಂತೆ ಸಾಣೆ ಹಿಡಿಯುತ್ತಿದ್ದೆವು. ಯಂತ್ರವನ್ನು ಬೈದು ಮನೆಗೆ ಹೋಗುತ್ತಿರಲಿಲ್ಲ. ಗಣಕಕ್ಕೂ ಅದೇ ನ್ಯಾಯ.

ಪಕ್ಕದ ಮನೆಯ ಹುಡುಗ ದಾರಿ ತೋರಿಸಿದ. ವಿಂಡೋಸ್ ಗಣಕಗಳಿಗೆ ಮೈಕ್ರೋಸಾಫ್ಟ್ ಕೀಬೋರ್ಡ್ ಲೇಔಟ್ ಕ್ರಿಯೇಟರ್ ಎಂಬ ಉಚಿತ ಸಾಧನವಿದೆ. ಗಣಕದೊಳಗಿನ ಕನ್ನಡ ಕೀಲಿಮಣೆಯನ್ನು ಅದರಲ್ಲಿ ತೆರೆದು, ಒಂದೊಂದು ಕೀಲಿಗೂ ಬೇಕಾದ ಅಕ್ಷರವನ್ನು ಕೂಡಿಸಿ, ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಬಹುದು. ಮೂಲದ್ದು ಕೆಡುವುದಿಲ್ಲ. ‘ನುಡಿ’ಯಲ್ಲಿ ಒಂದೇ ಕೀಲಿ ಪದದ ಮೊದಲಲ್ಲಿ ಸ್ವರವನ್ನೂ, ವ್ಯಂಜನದ ಬಳಿಕ ಅದರ ಚಿಹ್ನೆಯನ್ನೂ ಕೊಡುತ್ತದೆ, ಈ ಸಾಧನಕ್ಕೆ ಆ ವಿವೇಕವಿಲ್ಲ. ಆದುದರಿಂದ ಚಿಹ್ನೆಗಳನ್ನು ಮಾಮೂಲು ಕೀಲಿಗಳಲ್ಲಿಟ್ಟು, ಬಿಡಿ ಸ್ವರಗಳನ್ನು ಬಲಗಡೆಯ ಆಲ್ಟ್ ಕೀಲಿಯ ಜೊತೆಗಿಟ್ಟೆವು. ಒಂದು ಸಂಜೆಯ ಕೆಲಸ. ಲಿನಕ್ಸ್ ಗಣಕಗಳ ಪಟ್ಟಿಯಲ್ಲಿ ಕಗಪ ಆಗಲೇ ಇದೆ; ಆರಿಸಿಕೊಂಡರೆ ಸಾಕು.

ಒಂದು ಎಚ್ಚರಿಕೆ. ಬದಲಿಸಬೇಕಾದದ್ದು ಕೀಲಿಯ ಜಾಗವನ್ನೇ ಹೊರತು ಒಳಗಿನ ಅಕ್ಷರಸಂಕೇತವನ್ನಲ್ಲ. ಹಿಂದೆ ಬೇರೆ ಬೇರೆ ತಂತ್ರಾಂಶಗಳು ಬೇರೆ ಬೇರೆ ಸಂಕೇತ ಬಳಸಿದ್ದರಿಂದ, ಒಬ್ಬರು ಬರೆದದ್ದು ಇನ್ನೊಬ್ಬರ ಗಣಕದಲ್ಲಿ ಅರ್ಥವಿಲ್ಲದ ಗೀಚಾಗುತ್ತಿತ್ತು. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅದನ್ನು ಬಿಡಬಾರದು. ಮನೆಯ ಚಿಲಕವನ್ನು ನಮಗೆ ಎಟಕುವಂತೆ ಹಾಕಿಕೊಳ್ಳೋಣ. ಊರ ದಾರಿಯನ್ನು ಕೆಡಿಸುವುದು ಬೇಡ.

ಹಾಗೆಂದು ಇನ್‌ಸ್ಕ್ರಿಪ್ಟನ್ನು ಹಳಿಯುತ್ತಿಲ್ಲ. ಮಕ್ಕಳಿಗೆ ಹೊಸದಾಗಿ ಕಲಿಸುವವರು ಅದನ್ನೇ ಕಲಿಸಿರಿ. ಕನ್ನಡದ ‘ಕ’ ಇರುವ ಕೀಲಿಯಲ್ಲಿಯೇ ಮರಾಠಿಯ ‘ಕ’ವೂ ಇದೆ, ಇಲ್ಲಿ ಬೆಳೆಯುವ ಮಕ್ಕಳಿಗೆ ಒಂದೇ ಅಭ್ಯಾಸದಿಂದ ಎರಡು ಭಾಷೆ ಕೈವಶವಾಗುತ್ತದೆ. ನಮ್ಮ ಮನೆಯ ಗಣಕದಲ್ಲಿ ಈಗ ಎರಡೂ ಇವೆ. ಮೊಮ್ಮಗಳದು ಒಂದು, ನನ್ನದು ಒಂದು; ಮೂಡುವ ಕನ್ನಡ ಒಂದೇ.

ಹೋದ ಯುಗಾದಿಗೆ ಅಣ್ಣನಿಗೆ ನಾಲ್ಕು ಪುಟದ ಕನ್ನಡ ಪತ್ರ ಹೋಯಿತು. ಯಾರ ಮನೆಯಲ್ಲಾದರೂ ಕೀಲಿಮಣೆಯ ದೆಸೆಯಿಂದ ಕನ್ನಡ ಬರೆಯುವುದು ನಿಂತಿದ್ದರೆ ನನ್ನನ್ನು ಕರೆಯಿರಿ. ಆ ಹುಡುಗನನ್ನೂ ಕರೆದುಕೊಂಡು ಬರುತ್ತೇನೆ.