ಕಲ್ಲಿನಲ್ಲಿ ಕಟ್ಟಿದ ಹಗ್ಗ



ಚಿಕ್ಕಂದಿನಲ್ಲಿ ಜಾತ್ರೆಯ ಕಂಪನಿ ನಾಟಕಕ್ಕೆ ಹೋದರೆ ನಮ್ಮದು ನೆಲದ ಟಿಕೀಟು. ಕುರ್ಚಿಯವರಿಗೂ ನಮಗೂ ನಡುವೆ ಒಂದು ಹಗ್ಗ ಕಟ್ಟಿರುತ್ತಿದ್ದರು. 19ನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ಆ ಹಗ್ಗವನ್ನು ಕಲ್ಲಿನಲ್ಲೇ ಕಟ್ಟಿದ್ದರು. ಅಲ್ಲಿಯ ದೊಡ್ಡ ನಾಟಕಶಾಲೆಗಳು ಕುದುರೆ ಲಾಳದ ಆಕಾರದವು. ಸುತ್ತಲೂ ಅಂತಸ್ತಿನ ಮೇಲೆ ಅಂತಸ್ತು. ಉಳ್ಳವರಿಗೆ ಬಾಕ್ಸ್ ಎಂಬ ಪುಟ್ಟ ಕೋಣೆಗಳು, ಬಡವರಿಗೆ ಸೂರಿನಡಿಯ ಕೊನೆಯ ಅಟ್ಟ. ಆ ಅಟ್ಟಕ್ಕೆ ಫ್ರೆಂಚರು ಇಟ್ಟ ಹೆಸರು ‘ಸ್ವರ್ಗ’! ಇಕ್ಕೆಲದ ಬಾಕ್ಸಿನವರಿಗೋ ರಂಗಕ್ಕಿಂತ ಎದುರಿನ ಬಾಕ್ಸೇ ಚೆನ್ನಾಗಿ ಕಾಣುತ್ತಿತ್ತು.

ಇದನ್ನು ಚಿತ್ರಕಾರರು ಕಂಡರು. ರೆನ್ವಾರ್ 1874ರಲ್ಲಿ ಬರೆದ ಚಿತ್ರದಲ್ಲಿ ಮುತ್ತಿನ ಸರದ ಹೆಣ್ಣುಮಗಳು ಬಾಕ್ಸಿನ ಮುಂದೆ ಕೂತಿದ್ದಾಳೆ; ಹಿಂದಿನ ಗಂಡಸು ದುರ್ಬೀನನ್ನು ಮೇಲಕ್ಕೆತ್ತಿ ಇನ್ನಾರನ್ನೋ ನೋಡುತ್ತಿದ್ದಾನೆ. ಮೇರಿ ಕಸಾಟ್ 1878ರಲ್ಲಿ ಬರೆದ ಚಿತ್ರದಲ್ಲಿ ದುರ್ಬೀನು ಹಿಡಿದವಳೇ ಹೆಣ್ಣು. ದೂರದಿಂದ ಒಬ್ಬ ತನ್ನನ್ನೇ ದಿಟ್ಟಿಸುತ್ತಿದ್ದರೂ ಅವಳ ನೋಟ ಅತ್ತಿತ್ತ ಸರಿದಿಲ್ಲ. ಬರೆದವಳೂ ಹೆಣ್ಣೆಂಬುದನ್ನು ತಾಯಂದಿರು ಗಮನಿಸಬೇಕು.

ನನ್ನನ್ನು ಹೆಚ್ಚು ಕಾಡುವುದು ಇವರಿಗಿಂತ ಹಿಂದಿನ ಬ್ವಾಯಿ ಎಂಬ ಚಿತ್ರಕಾರ. ಆಗ ಕೆಲವು ದಿನ ನಾಟಕ ಎಲ್ಲರಿಗೂ ಪುಕ್ಕಟೆ ಇರುತ್ತಿತ್ತು. ಅಂಥ ದಿನ ನಾಟಕಶಾಲೆಯ ಬಾಗಿಲಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ನುಗ್ಗುವುದನ್ನು ಆತ 1819ರಲ್ಲಿ ಬರೆದ. 1830ರ ಚಿತ್ರದಲ್ಲಿ ಅಂಥದೇ ಜನ ಒಂದು ಬಾಕ್ಸಿನೊಳಗೆ ಕಿಕ್ಕಿರಿದಿದ್ದಾರೆ. ನೋಡಿದವರಿಗೆ ನಗು ಬರಬಹುದು. ನನಗೆ ಬರುವುದಿಲ್ಲ. ಬಾಗಿಲು ತೆರೆದದ್ದು ಒಂದು ದಿನ, ಕಟ್ಟಡ ಬದಲಾಗಲಿಲ್ಲ. ಮರುದಿನ ಬಾಕ್ಸು ಬಾಕ್ಸಿನವರಿಗೆ, ಅಟ್ಟ ಅಟ್ಟದವರಿಗೆ.

ಕಟ್ಟಡವನ್ನೇ ಬದಲಿಸಿದವರೂ ಇದ್ದರು. ಜರ್ಮನಿಯ ಬೈರಾಯ್ಟಿನಲ್ಲಿ ಸಂಗೀತಗಾರ ವಾಗ್ನರ್ ಕಟ್ಟಿಸಿದ ನಾಟಕಶಾಲೆ 1876ರಲ್ಲಿ ಆರಂಭವಾಯಿತು. ಅಲ್ಲಿ ಇಕ್ಕೆಲದ ಬಾಕ್ಸುಗಳಿಲ್ಲ. ಬೀಸಣಿಗೆಯಂತೆ ಹರಡಿದ ಸಾಲುಗಳೆಲ್ಲ ರಂಗಕ್ಕೇ ಮುಖ ಮಾಡಿವೆ. ಆದರೂ ರಾಜರಿಗೆಂದು ಹಿಂದೆ ಬೇರೆ ಬಾಕ್ಸುಗಳನ್ನು ಉಳಿಸಿಕೊಂಡರು. ಮೇಲುಕೀಳು ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ.

ಬಂಧುಗಳೇ, ಈ ಸಭೆಯಲ್ಲೂ ಮುಂದಿನ ಸಾಲಿಗೆ ಸೋಫಾ ಹಾಕಿದ್ದಾರೆ, ಹಿಂದೆ ಜಮಖಾನೆ. ಬನ್ನಿ ಎಂದು ಕರೆದರು, ನಾನೂ ಸೋಫಾದ ಮೇಲೆಯೇ ಕೂತೆ. ನೆಲದ ಟಿಕೀಟಿನ ಹುಡುಗ ಅದನ್ನು ಮರೆತೇಬಿಟ್ಟಿದ್ದ. ಸಮಾನತೆಯ ಮಾತು ವೇದಿಕೆಯಿಂದ ಶುರುವಾದರೆ ಸಾಲದು, ಕೂರುವ ಜಾಗದಿಂದ ಶುರುವಾಗಬೇಕು. ಮಾತು ಮುಗಿಸಿ ನಾನು ಜಮಖಾನೆಗೆ ಬರುತ್ತೇನೆ. ದಯಮಾಡಿ ಒಂದಿಷ್ಟು ಸರಿದು ಜಾಗ ಕೊಡಿ.